ಎ ಸಿನಿಮಾದ ಟ್ರೇಲರ್ ಬಿಡುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ಹೊಸ ತಂಡಗಳಿಗೆ ಮಾರ್ಗದರ್ಶಿ

ನಮ್ಮ ಭಾಗದ ಹೊಸ ಚಿತ್ರತಂಡಗಳು ಪದೇ ಪದೇ ಕೇಳುವ ಪ್ರಶ್ನೆ ಇದು: ‘ಸಿನಿಮಾದಲ್ಲಿ ಮಚ್ಚು, ರಕ್ತ, ಬೈಗುಳ ಎಲ್ಲ ಇದೆ. ಎ ಸರ್ಟಿಫಿಕೇಟೇ ಬರೋದು. ಹಂಗಾದ್ರೆ ಟ್ರೇಲರ್ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು?’ ಇದರ ಬಾಲಕ್ಕೇ ಇನ್ನೊಂದು: ‘ಹಾಲಿವುಡ್‌ನವರ ಥರ ನಾವೂ ರೆಡ್ ಬ್ಯಾಂಡ್ ಟ್ರೇಲರ್ ಬಿಟ್ಟರೆ ಹೆಂಗೆ?’

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಿನಿಮಾಗೆ ಬೇರೆ ಸರ್ಟಿಫಿಕೇಟ್, ಟ್ರೇಲರ್‌ಗೆ ಬೇರೆ ಸರ್ಟಿಫಿಕೇಟ್. ಎ (ದೊಡ್ಡವರಿಗೆ ಮಾತ್ರ) ಸಿನಿಮಾಗೆ ಯು (ಎಲ್ಲರಿಗೂ) ಟ್ರೇಲರ್ ಇರಬಹುದು. ಥಿಯೇಟರ್, ಟಿವಿ, ಯೂಟ್ಯೂಬ್, ಬೀದಿ, ಒಂದೊಂದಕ್ಕೂ ಒಂದೊಂದು ನಿಯಮ. ಹಾಗಾಗಿ ಎಲ್ಲಿ ತೋರಿಸುತ್ತೀರಿ ಎನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಎಡಿಟಿಂಗ್ ಟೇಬಲ್ ಮುಂದೆ ಕೂರಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಖಡಕ್ ಆಗಿ ಒಂದು ಟ್ರೇಲರ್ ಕಟ್ ಮಾಡಿ, ಆಮೇಲೆ ಅದನ್ನು ಎಲ್ಲಿ ತೂರಿಸೋಣ ಅಂತ ಓಡಾಡುತ್ತಾರೆ.

ಮೊದಲು ನಾಲ್ಕು ಪದ ತಿಳಿದುಕೊಳ್ಳಿ

ರೆಡ್ ಬ್ಯಾಂಡ್: ಇದು ಅಮೆರಿಕದ ಪದ್ಧತಿ. ಅಲ್ಲಿ ಮೋಷನ್ ಪಿಕ್ಚರ್ ಅಸೋಸಿಯೇಷನ್ ಎಂಬ ಚಿತ್ರೋದ್ಯಮದ ಸಂಸ್ಥೆ 1968ರಿಂದ ಸಿನಿಮಾಗಳಿಗೆ ರೇಟಿಂಗ್ ಕೊಡುತ್ತಿದೆ. ಟ್ರೇಲರ್‌ಗಳನ್ನೂ ಅದೇ ನೋಡುತ್ತದೆ. ಟ್ರೇಲರ್ ಶುರುವಾಗುವ ಮುಂಚೆ ಹಸಿರು ಪಟ್ಟಿ ಬಂದರೆ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಬಹುದು ಎಂದರ್ಥ. ಕೆಂಪು ಪಟ್ಟಿ ಬಂದರೆ ನಿರ್ಬಂಧಿತ ಪ್ರೇಕ್ಷಕರಿಗೆ ಮಾತ್ರ. ಕೆಂಪು ಪಟ್ಟಿಯದನ್ನು ಅಲ್ಲಿನ ಥಿಯೇಟರ್‌ಗಳಲ್ಲಿ ‘ಆರ್’ನಂಥ ದೊಡ್ಡವರ ಸಿನಿಮಾಗಳ ಜೊತೆಗೇ ಹಾಕುತ್ತಾರೆ. 17 ವರ್ಷ ತುಂಬದವರು ತಂದೆ ತಾಯಿ ಅಥವಾ ಹಿರಿಯರ ಜೊತೆ ಬಂದರೆ ‘ಆರ್’ ಸಿನಿಮಾ ನೋಡಬಹುದು. ಇದೆಲ್ಲ ಉದ್ಯಮದವರು ತಾವೇ ಮಾಡಿಕೊಂಡ ಏರ್ಪಾಡು, ಸರ್ಕಾರದ ಕಾನೂನಲ್ಲ.

ನಮ್ಮ ದೇಶದಲ್ಲಿ ರೆಡ್ ಬ್ಯಾಂಡ್ ಎಂಬ ವರ್ಗವೇ ಇಲ್ಲ. ಯೂಟ್ಯೂಬ್‌ನಲ್ಲಿ ಕೆಲವರು ಟ್ರೇಲರ್‌ಗೆ ಕೆಂಪು ಪಟ್ಟಿ ಅಂಟಿಸಿ ‘ರೆಡ್ ಬ್ಯಾಂಡ್’ ಎಂದು ಬರೆದುಕೊಳ್ಳುತ್ತಾರೆ. ಅದು ಸುಮ್ನೆ ಗತ್ತಿಗೆ. ಆ ಪಟ್ಟಿಗೆ ಇಲ್ಲಿ ಮೂರು ಕಾಸಿನ ಕಾನೂನು ಬೆಲೆಯಿಲ್ಲ. ಆ ಪಟ್ಟಿ ಇದೆ ಎಂದು ಯಾವ ಹೊಣೆಯಿಂದಲೂ ನೀವು ತಪ್ಪಿಸಿಕೊಳ್ಳಲಾಗದು.

ಸೆನ್ಸಾರ್: ನಾವೆಲ್ಲ ಬಾಯಿಮಾತಿಗೆ ಸೆನ್ಸಾರ್ ಅನ್ನುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿಗೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಕೆಲಸ ಮಾಡುತ್ತದೆ. ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ. ನಮಗೆ ಬೆಂಗಳೂರಿನದು.

ವರ್ಗಗಳು: ಯು ಎಂದರೆ ಎಲ್ಲರಿಗೂ. ಮೊದಲು ಯು/ಎ ಅಂತ ಒಂದೇ ಇತ್ತು. 2023ರ ತಿದ್ದುಪಡಿ ಮತ್ತು 2024ರ ಹೊಸ ನಿಯಮಗಳ ನಂತರ ಅದು ಮೂರಾಗಿದೆ: ಯು/ಎ 7+, ಯು/ಎ 13+, ಯು/ಎ 16+. ಇವು ತಂದೆ ತಾಯಿಗೆ ಕೊಡುವ ಸೂಚನೆಗಳು. ಆ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎಂದು ಮನೆಯವರು ಯೋಚಿಸಲಿ ಎಂದು. ಎ ಮಾತ್ರ ಹಾಗಲ್ಲ. 18 ತುಂಬದವರನ್ನು ಒಳಗೆ ಬಿಡುವಂತೆಯೇ ಇಲ್ಲ, ಅಪ್ಪನ ಕೈ ಹಿಡಿದುಕೊಂಡು ಬಂದರೂ ಇಲ್ಲ. ಎಸ್ ಎಂಬ ಇನ್ನೊಂದು ವರ್ಗವಿದೆ, ವೈದ್ಯರಂಥ ನಿರ್ದಿಷ್ಟ ಗುಂಪಿಗೆ. ಅದು ನಮಗೆ ಬೇಕಿಲ್ಲ.

ಏಜ್ ಗೇಟ್: ವಯಸ್ಸು ಕೇಳಿ ಒಳಗೆ ಬಿಡುವ ವ್ಯವಸ್ಥೆ. ಥಿಯೇಟರ್‌ನಲ್ಲಿ ಗೇಟ್‌ಕೀಪರ್ ಮಾಡುವ ಕೆಲಸವನ್ನು ಇಂಟರ್ನೆಟ್‌ನಲ್ಲಿ ಲಾಗಿನ್ ಮಾಡುತ್ತದೆ. ಎಷ್ಟು ಚೆನ್ನಾಗಿ ಮಾಡುತ್ತದೆ ಅನ್ನೋದು ಬೇರೆ ಮಾತು, ಮುಂದೆ ಬರುತ್ತದೆ.

ಹಂತ 1: ಎಲ್ಲೆಲ್ಲಿ ತೋರಿಸುತ್ತೀರಿ, ಬರೆದಿಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಟ್ರೇಲರ್ ಓಡಬೇಕಾದ ಜಾಗಗಳನ್ನೆಲ್ಲ ಬರೆಯಿರಿ. ಥಿಯೇಟರ್. ಸ್ಯಾಟಲೈಟ್ ಚಾನೆಲ್. ಊರಿನ ಲೋಕಲ್ ಕೇಬಲ್. ಯೂಟ್ಯೂಬ್, ಇನ್‌ಸ್ಟಾಗ್ರಾಂ. ವಾಟ್ಸಾಪ್ ಗ್ರೂಪ್. ಕಾಲೇಜು ಕಾರ್ಯಕ್ರಮ. ಜಯದೇವ ಸರ್ಕಲ್‌ನಲ್ಲೋ ಚಿತ್ರದುರ್ಗದ ಗಾಂಧಿ ಸರ್ಕಲ್‌ನಲ್ಲೋ ನಿಲ್ಲಿಸುವ ಎಲ್‌ಇಡಿ ಗಾಡಿ. ಟ್ರೇಲರ್ ಬಿಡುಗಡೆ ಸಮಾರಂಭದ ವೇದಿಕೆ.

ಈಗ ಒಂದೊಂದರ ಮುಂದೂ ಒಂದೇ ಪ್ರಶ್ನೆ ಹಾಕಿ: ಇಲ್ಲಿ 18ರ ಕೆಳಗಿನವರು ನೋಡದ ಹಾಗೆ ತಡೆಯಲು ಸಾಧ್ಯವೇ? ಉತ್ತರ ‘ಹೌದು’ ಎಂದು ಬರುವ ಜಾಗ ಬೆರಳೆಣಿಕೆಯಷ್ಟೇ. ಎ ಸಿನಿಮಾ ಓಡುತ್ತಿರುವ ಥಿಯೇಟರ್ ಒಂದು, ವಯಸ್ಸಿನ ನಿರ್ಬಂಧ ಹಾಕಿದ ಯೂಟ್ಯೂಬ್ ವೀಡಿಯೊ ತಕ್ಕಮಟ್ಟಿಗೆ ಇನ್ನೊಂದು. ಉಳಿದೆಲ್ಲ ಕಡೆ ಮಕ್ಕಳು ಇರುತ್ತಾರೆ. ಹಾಗಾದರೆ ಪ್ರಚಾರದ ಮುಖ್ಯ ಭಾರ ಹೊರಬೇಕಾದದ್ದು ಯಾವ ಟ್ರೇಲರ್ ಎಂದು ಆ ಹಾಳೆಯೇ ಹೇಳುತ್ತದೆ ಅಲ್ವಾ? ಎಲ್ಲರಿಗೂ ತೋರಿಸಬಹುದಾದದ್ದು. ದೊಡ್ಡವರ ಟ್ರೇಲರ್ ಬೇಕಿದ್ದರೆ ಇರಲಿ, ಅದು ಎರಡನೆಯದು.

ಹಂತ 2: ಎರಡು ಕಟ್ ಮಾಡಿ

ಕಟ್ ಅಂದರೆ ಎಡಿಟ್ ಮಾಡಿದ ಒಂದು ಆವೃತ್ತಿ: ಒಂದು ಎಲ್ಲರಿಗೂ, ಇನ್ನೊಂದು ದೊಡ್ಡವರಿಗೆ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಯು ಟ್ರೇಲರ್ ಅಂದ ಕೂಡಲೇ ‘ಅಯ್ಯೋ, ಖಾರವೇ ಇರಲ್ಲ’ ಎಂದು ಮೂಗು ಮುರಿಯುವ ನಿರ್ದೇಶಕರೇ ಜಾಸ್ತಿ. ಸೆನ್ಸಾರ್‌ನವರು ನೋಡುವುದು ಪರದೆಯ ಮೇಲೆ ಏನು ಕಾಣುತ್ತದೆ, ಏನು ಕೇಳುತ್ತದೆ ಎಂಬುದನ್ನು. ಏನು ನಡೆಯಿತು ಎಂದು ನೋಡುಗ ತಾನೇ ಊಹಿಸಿಕೊಂಡರೆ ಅದಕ್ಕೆ ಅಷ್ಟು ತಕರಾರಿಲ್ಲ. ಹೆದರಿಕೆ ಹುಟ್ಟಿಸುವುದೂ ಆ ಊಹೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಮೆಕ್ಕೆಜೋಳದ ಗೋದಾಮಿನಲ್ಲಿ ನಡೆಯುವ ಕೊಲೆ. ನಿಮ್ಮ ಸಿನಿಮಾದಲ್ಲಿ ಇದು ಹೀಗಿದೆ: ಮಚ್ಚು ಎತ್ತುತ್ತಾನೆ, ಬೀಸುತ್ತಾನೆ, ಕುತ್ತಿಗೆಗೆ ತಗಲುತ್ತದೆ, ರಕ್ತ ಚಿಮ್ಮಿ ಮೂಟೆಗಳ ಮೇಲೆ ಬೀಳುತ್ತದೆ. ದೊಡ್ಡವರ ಟ್ರೇಲರ್‌ಗೆ ಇದೇ ಹೋಗಬಹುದು. ಸಾಮಾನ್ಯ ಟ್ರೇಲರ್‌ಗೆ ಹೀಗೆ ಮಾಡಿ: ಮಚ್ಚು ಎತ್ತುವ ನೆರಳು ಗೋಡೆ ಮೇಲೆ. ಕಟ್. ಮೂಟೆ ಸೀಳಿ ಜೋಳ ಬುಳಬುಳನೆ ನೆಲಕ್ಕೆ ಸುರಿಯುತ್ತಿದೆ. ಹಿಂದೆ ತಕ್ಕಡಿಯ ಸರಪಳಿ ಅಲ್ಲಾಡುವ ಸದ್ದು. ಕಟ್. ಹಮಾಲನೊಬ್ಬ ಬಾಗಿಲಲ್ಲಿ ನಿಂತು ಕಣ್ಣು ಪಿಳಿಪಿಳಿ ಬಿಡುತ್ತಾನೆ. ಒಂದು ಹನಿ ರಕ್ತ ಇಲ್ಲ. ಆದರೂ ಏನಾಯಿತೆಂದು ಎಲ್ಲರಿಗೂ ಗೊತ್ತು. ಈ ಶಾಟ್‌ಗಳು ನಿಮ್ಮ ಹತ್ತಿರ ಇರಬೇಕೆಂದರೆ ಶೂಟಿಂಗ್ ದಿನವೇ ತೆಗೆದುಕೊಂಡಿರಬೇಕು. ಆಮೇಲೆ ಜೋಳದ ಮೂಟೆಗಾಗಿ ಇಡೀ ಯೂನಿಟ್ ಮತ್ತೆ ಕರೆಸಲಾಗದು. ಹಾಗಾಗಿ ಶೂಟಿಂಗ್ ಪಟ್ಟಿಯಲ್ಲೇ ‘ಟ್ರೇಲರ್ ಶಾಟ್’ ಎಂದು ನಾಲ್ಕೈದು ಸೇರಿಸಿಬಿಡಿ.

ಕಟ್ ಮಾಡುವಾಗ ಎಡವುವ ಜಾಗಗಳು:

ಬೈಗುಳಕ್ಕೆ ಬೀಪ್ ಹಾಕುತ್ತಾರೆ, ತುಟಿ ಮಾತ್ರ ಪೂರ್ತಿ ಕಾಣುತ್ತಿರುತ್ತದೆ. ಪದದ ಮೊದಲ ಅಕ್ಷರವೂ ಕೇಳುತ್ತದೆ. ನೋಡುವವರಿಗೆ ಬೀಪ್ ಇಲ್ಲದಿದ್ದಾಗಿಗಿಂತ ಇನ್ನೂ ಜಾಸ್ತಿ ಕೇಳಿಸಿದಂತೆ! ಕೇಳುವವನ ಮುಖಕ್ಕೆ ಕಟ್ ಮಾಡಿ, ಇಲ್ಲವೇ ಡಬ್ಬಿಂಗ್‌ನಲ್ಲಿ ಪದವನ್ನೇ ಬದಲಿಸಿ.

ಮಾತಿಗೆ ಬೀಪ್ ಹಾಕಿದವರು ಸಬ್‌ಟೈಟಲ್ ಮರೆಯುತ್ತಾರೆ. ಕೆಳಗೆ ಅದೇ ಪದ ಇಂಗ್ಲಿಷ್‌ನಲ್ಲಿ ಠೀವಿಯಿಂದ ನಿಂತಿರುತ್ತದೆ.

ಬೀಡಿ, ಸಿಗರೇಟ್. ಹೀರೋ ಹೊಗೆ ಬಿಡುವ ಸ್ಲೋ ಮೋಷನ್ ಇಲ್ಲದೆ ಟ್ರೇಲರ್ ಆಗುವುದೇ ಇಲ್ಲ ಎಂಬ ನಂಬಿಕೆ ಇದೆ. ತಂಬಾಕು ಸೇದುವ ದೃಶ್ಯವಿದ್ದರೆ ಪರದೆಯ ಕೆಳಗೆ ಎಚ್ಚರಿಕೆಯ ಸಾಲು ಕಾಣಬೇಕು. ಪೋಸ್ಟರ್ ಮತ್ತು ಪ್ರಚಾರ ಸಾಮಗ್ರಿಯಲ್ಲಂತೂ ತಂಬಾಕು ತೋರಿಸುವಂತಿಲ್ಲ. ಕಥೆಗೆ ಆ ಬೀಡಿ ಅಷ್ಟು ಮುಖ್ಯವಲ್ಲದಿದ್ದರೆ ಟ್ರೇಲರ್‌ನಿಂದ ತೆಗೆದುಬಿಡಿ. ತಲೆನೋವು ಕಮ್ಮಿ.

ಪ್ರಾಣಿಗಳು. ಎತ್ತು, ಕುದುರೆ, ಟಗರು, ಕೋಳಿ ಯಾವುದಿದ್ದರೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪತ್ರ ಬೇಕು. ಎರಡು ಸೆಕೆಂಡಿನ ಶಾಟ್‌ಗೂ ಪ್ರಶ್ನೆ ಬರುತ್ತದೆ. ಟಗರು ಕಾಳಗ, ಕೋಳಿ ಅಂಕ ಇಟ್ಟುಕೊಂಡು ಹೋದರೆ ಗಂಟು ಬಿದ್ದಂತೆ.

ಮಕ್ಕಳು. ದೊಡ್ಡವರ ಕಟ್‌ನಲ್ಲಿ, ಲೈಂಗಿಕ ಅಥವಾ ಕ್ರೂರ ಹಿಂಸೆಯ ದೃಶ್ಯಗಳ ನಡುವೆ, ಬಾಲನಟರ ಮುಖ ಹೆಣೆಯಬೇಡಿ. ಎಡಿಟಿಂಗ್‌ನಲ್ಲಿ ಎರಡು ಬೇರೆ ಬೇರೆ ದೃಶ್ಯ ಅಕ್ಕಪಕ್ಕ ಬಂದರೆ ಆ ಮಗು ಅಲ್ಲೇ ಇತ್ತು ಎಂಬ ಅರ್ಥ ಹುಟ್ಟುತ್ತದೆ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಇದೆ.

ಹಂತ 3: ನಟ ನಟಿಯರ ಒಪ್ಪಿಗೆ

ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹಸಿಬಿಸಿ ದೃಶ್ಯದಲ್ಲಿ ನಟಿಸಲು ಒಪ್ಪಿದ ನಟಿ ಅದನ್ನು ಟ್ರೇಲರ್‌ನಲ್ಲಿ ಹಾಕಲು ಒಪ್ಪಿದ್ದಾರೆ ಎಂದಲ್ಲ. ಎರಡು ಗಂಟೆಯ ಕಥೆಯೊಳಗೆ ಆ ದೃಶ್ಯಕ್ಕೆ ಒಂದು ಕಾರಣ ಇರುತ್ತದೆ. ಟ್ರೇಲರ್‌ನಲ್ಲಿ ಬರೀ ಮೂರು ಸೆಕೆಂಡಿನ ಮೈ ಉಳಿಯುತ್ತದೆ. ಆ ಮೂರು ಸೆಕೆಂಡನ್ನೇ ಜನ ಸ್ಕ್ರೀನ್‌ಶಾಟ್ ಹೊಡೆದು ಊರೆಲ್ಲ ಹಂಚುತ್ತಾರೆ. ದಾವಣಗೆರೆಯಂಥ ಊರಲ್ಲಿ ಅದು ಆಕೆಯ ಮನೆ ಬಾಗಿಲಿಗೇ ಬರುತ್ತದೆ. ಒಪ್ಪಂದ ಪತ್ರದಲ್ಲಿ ‘ಪ್ರಚಾರಕ್ಕೆ ಬಳಸುವ ದೃಶ್ಯಗಳು’ ಎಂದು ಬೇರೆ ಸಾಲು ಹಾಕಿಸಿ. ಕಟ್ ಆದ ಮೇಲೆ ಬಿಡುವ ಮೊದಲು ಒಮ್ಮೆ ತೋರಿಸಿ. ಬೇಡ ಅಂದರೆ ತೆಗೆಯಿರಿ.

ಹಂತ 4: ಸೆನ್ಸಾರ್‌ಗೆ ಅರ್ಜಿ

ಥಿಯೇಟರ್‌ನಲ್ಲೋ ಟಿವಿಯಲ್ಲೋ ತೋರಿಸುವ ಟ್ರೇಲರ್‌ಗೆ ಸರ್ಟಿಫಿಕೇಟ್ ಬೇಕೇ ಬೇಕು. ಅರ್ಜಿ ಈಗ ಆನ್‌ಲೈನ್, ಇ-ಸಿನೆಪ್ರಮಾಣ್ ಎಂಬ ಪೋರ್ಟಲ್‌ನಲ್ಲಿ. ದಾವಣಗೆರೆಯಲ್ಲಿ ಕೂತೇ ಹಾಕಬಹುದು. ‘ಸರ್, ನಾವು ಮಾಡಿಸಿಕೊಡ್ತೀವಿ’ ಎನ್ನುವ ಮಧ್ಯವರ್ತಿಗಳು ಗಾಂಧಿನಗರದಲ್ಲಿ ಸಿಗುತ್ತಾರೆ. ಸಮಯ ಇಲ್ಲದವರು ಅವರ ಮೂಲಕ ಹೋಗಲಿ, ತಪ್ಪೇನಿಲ್ಲ. ಆದರೆ ಅವರಿಲ್ಲದೆ ಆಗುವುದೇ ಇಲ್ಲ ಅನ್ನೋದು ಸುಳ್ಳು.

ಕ್ರಮ ಹೀಗೆ:

1. ನಿರ್ಮಾಪಕರ ಹೆಸರಲ್ಲಿ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ. ನಿರ್ದೇಶಕರ ತಮ್ಮನ ಇ-ಮೇಲ್, ಕ್ಯಾಮೆರಾಮನ್ ಮೊಬೈಲ್ ನಂಬರ್ ಕೊಡಬೇಡಿ. ಮುಂದಿನ ಪತ್ರ ವ್ಯವಹಾರವೆಲ್ಲ ಅಲ್ಲಿಗೇ ಬರುತ್ತದೆ.

2. ಟ್ರೇಲರ್‌ನ ಉದ್ದ, ಭಾಷೆ, ತಂಡದ ಹೆಸರುಗಳು, ಮಾತುಗಳ ಪೂರ್ತಿ ಬರಹ ಸಿದ್ಧ ಮಾಡಿಕೊಳ್ಳಿ. ಹಿನ್ನೆಲೆಯಲ್ಲಿ ಹಾಡಿನ ಒಂದು ಸಾಲು ಬಂದರೂ ಅದನ್ನು ಬರೆಯಿರಿ. ಬರಹದಲ್ಲಿ ಇರುವುದಕ್ಕೂ ವೀಡಿಯೊದಲ್ಲಿ ಕೇಳುವುದಕ್ಕೂ ಹೊಂದಿಕೆ ಆಗಬೇಕು.

3. ಎರಡು ಕಟ್ ಇದ್ದರೆ ಎರಡು ಅರ್ಜಿ. ಹೆಸರಿನಲ್ಲೇ ವ್ಯತ್ಯಾಸ ಗೊತ್ತಾಗಲಿ: ‘ಟ್ರೇಲರ್ 1’, ‘ಟ್ರೇಲರ್ 2’. ದೊಡ್ಡವರ ಕಟ್ ಬರೀ ಯೂಟ್ಯೂಬ್‌ಗೆ ಅಂತಾದರೆ ಅದನ್ನು ಸೆನ್ಸಾರ್‌ಗೆ ಕಳಿಸುವ ಅಗತ್ಯವಿಲ್ಲ. ದುಡ್ಡು ಉಳಿಯಿತು.

4. ಶುಲ್ಕ ಕಟ್ಟಿ, ವೀಡಿಯೊ ಅಪ್‌ಲೋಡ್ ಮಾಡಿ. 72 ನಿಮಿಷಕ್ಕಿಂತ ಚಿಕ್ಕದೆಲ್ಲ ಕಿರುಚಿತ್ರದ ಲೆಕ್ಕ, ಟ್ರೇಲರ್ ಕೂಡ ಅದರಲ್ಲೇ. 2024ರ ನಿಯಮದ ಪ್ರಕಾರ ಕಿರುಚಿತ್ರಕ್ಕೆ ಹೆಚ್ಚೆಂದರೆ 18 ಕೆಲಸದ ದಿನ, ಪೂರ್ಣ ಸಿನಿಮಾಗೆ 48. ಸಾಮಾನ್ಯವಾಗಿ ಅದಕ್ಕಿಂತ ಬೇಗ ಆಗುತ್ತದೆ. ಆದರೂ ನಿಮ್ಮ ಲೆಕ್ಕ ಹೆಚ್ಚಿನ ದಿನಕ್ಕೇ ಇರಲಿ. ಟ್ರೇಲರ್ ಬಿಡುಗಡೆ ಮಾಡಲು ಮುಖ್ಯ ಅತಿಥಿಯ ದಿನಾಂಕ ತೆಗೆದುಕೊಂಡು, ಫ್ಲೆಕ್ಸ್ ಹಾಕಿಸಿ, ಆಮೇಲೆ ಅರ್ಜಿ ಹಾಕುವವರಿದ್ದಾರೆ.

5. ಪರಿಶೀಲನಾ ಸಮಿತಿ ನೋಡುತ್ತದೆ. ‘ಇಷ್ಟು ತೆಗೆದರೆ ಯು, ಹೀಗೇ ಬಿಟ್ಟರೆ ಎ’ ಎಂಬಂಥ ಮಾತು ಬರಬಹುದು. ಇಲ್ಲಿ ನಿಮ್ಮ ಹಂತ 1ರ ಹಾಳೆ ತೆಗೆದು ನೋಡಿ. ಈ ಕಟ್ ಎಲ್ಲಿ ಓಡಬೇಕಿತ್ತು? ಎಲ್ಲ ಥಿಯೇಟರ್‌ನಲ್ಲೂ ಅಂತಿದ್ದರೆ ಹಟ ಬಿಟ್ಟು ತೆಗೆಯಿರಿ. ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನಾ ಸಮಿತಿ ಇದೆ. ಅದರಾಚೆ ಇದ್ದ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ರದ್ದಾಯಿತು, ಈಗ ನೇರ ಹೈಕೋರ್ಟ್. ಎರಡು ನಿಮಿಷದ ಟ್ರೇಲರ್‌ಗೆ ಹೈಕೋರ್ಟ್ ಮೆಟ್ಟಿಲು ಹತ್ತುವುದು ಹೊಸ ತಂಡಕ್ಕೆ ಆಗುಹೋಗುವ ಮಾತಲ್ಲ.

6. ಸರ್ಟಿಫಿಕೇಟ್ ಬಂದ ಮೇಲೆ ವೀಡಿಯೊ ಮುಟ್ಟಬೇಡಿ. ‘ಒಂದೇ ಒಂದು ಶಾಟ್ ಸೇರಿಸ್ತೀನಿ, ಯಾರಿಗೆ ಗೊತ್ತಾಗುತ್ತೆ’ ಎಂಬುದು ಅಪರಾಧ. ಬದಲಾವಣೆ ಬೇಕಿದ್ದರೆ ಮಂಡಳಿಗೆ ತಿಳಿಸಿ ಮತ್ತೆ ಒಪ್ಪಿಗೆ ಪಡೆಯಬೇಕು.

ಹಂತ 5: ಥಿಯೇಟರ್‌ಗೆ ಕಳಿಸುವುದು

ಈಗ ಪೆಟ್ಟಿಗೆಗಟ್ಟಲೆ ರೀಲು ಬಸ್ಸಿಗೆ ಹಾಕುವ ಕಾಲ ಇಲ್ಲ. ಟ್ರೇಲರ್ ಡಿಜಿಟಲ್ ಪ್ಯಾಕೇಜ್ ಆಗಿ ಕ್ಯೂಬ್, ಯುಎಫ್‌ಒದಂಥ ಸೇವೆಗಳ ಮೂಲಕ ಥಿಯೇಟರ್‌ನ ಸರ್ವರ್‌ಗೆ ಹೋಗುತ್ತದೆ. ಆಪರೇಟರ್ ಅದನ್ನು ಆ ಷೋನ ಪಟ್ಟಿಗೆ ಸೇರಿಸುತ್ತಾನೆ.

ನೆನಪಿಡಬೇಕಾದದ್ದು ಇಷ್ಟು: ಎ ಟ್ರೇಲರ್ ಎ ಸಿನಿಮಾದ ಜೊತೆಗೆ ಮಾತ್ರ. ಯು ಟ್ರೇಲರ್ ಯಾವುದರ ಜೊತೆಗೂ ನಡೆಯುತ್ತದೆ. ಕುಟುಂಬದ ಸಿನಿಮಾಗೆ ಮಕ್ಕಳು ಮರಿ ಕಟ್ಟಿಕೊಂಡು ಬಂದವರ ಮುಂದೆ ಇಂಟರ್‌ವಲ್‌ನಲ್ಲಿ ನಿಮ್ಮ ಎ ಟ್ರೇಲರ್ ಬಂದರೆ, ಪಾಪ್‌ಕಾರ್ನ್ ಹಿಡಿದುಕೊಂಡು ಬಂದ ಅಪ್ಪ ನೇರ ಮ್ಯಾನೇಜರ್ ರೂಮಿಗೇ ಹೋಗುತ್ತಾನೆ. ಹೋಗಬೇಕಾದದ್ದೇ. 18 ತುಂಬದವರಿಗೆ ಎ ತೋರಿಸುವುದು ಸಿನಿಮಾಟೋಗ್ರಾಫ್ ಕಾಯ್ದೆಗೆ ವಿರುದ್ಧ, ದಂಡ ಬೀಳಬಹುದು.

ಇಂಥ ಎಡವಟ್ಟು ಹೆಚ್ಚಾಗಿ ಆಗುವುದು ಫೈಲ್ ಹೆಸರಿನಿಂದ. ‘ಟ್ರೇಲರ್ ಫೈನಲ್’, ‘ಟ್ರೇಲರ್ ಫೈನಲ್ ಹೊಸದು’, ‘ಟ್ರೇಲರ್ ಫೈನಲ್ ಪಕ್ಕಾ’ ಅಂತ ಮೂರು ಫೈಲ್ ಇದ್ದರೆ ಆಪರೇಟರ್ ಯಾವುದನ್ನು ಹಾಕಬೇಕು ಪಾಪ? ಸಿನಿಮಾದ ಹೆಸರು, ಸರ್ಟಿಫಿಕೇಟ್ ವರ್ಗ, ಉದ್ದ, ದಿನಾಂಕ ಈ ನಾಲ್ಕೂ ಫೈಲ್ ಹೆಸರಲ್ಲೇ ಇರಲಿ. ಜೊತೆಗೆ ಸರ್ಟಿಫಿಕೇಟ್‌ನ ಪ್ರತಿಯನ್ನು ಮ್ಯಾನೇಜರ್‌ಗೆ ಕೊಟ್ಟು, ಯಾವ ಸಿನಿಮಾ ಜೊತೆ ಹಾಕಬಾರದು ಎಂದು ಬಾಯಲ್ಲೂ ಹೇಳಿ ಬನ್ನಿ.

ಹಂತ 6: ಟಿವಿ ಮತ್ತು ಲೋಕಲ್ ಕೇಬಲ್

ಇಲ್ಲಿ ವಾದಕ್ಕೆ ಜಾಗವಿಲ್ಲ. ಕೇಬಲ್ ಟಿವಿ ನಿಯಮಗಳಲ್ಲಿ 2006ರಿಂದಲೇ ಸ್ಪಷ್ಟವಾಗಿದೆ: ಸಿನಿಮಾ ಟ್ರೇಲರ್, ಪ್ರೋಮೊ, ಹಾಡು ಯಾವುದೇ ಇರಲಿ, ಎಲ್ಲರೂ ನೋಡಬಹುದು ಎಂಬ ಸರ್ಟಿಫಿಕೇಟ್ ಇಲ್ಲದೆ ಹಾಕುವಂತಿಲ್ಲ. ಲೋಕಲ್ ಕೇಬಲ್‌ಗೂ ಇದೇ ನಿಯಮ. ‘ನಮ್ಮ ಹುಡುಗನೇ ನಡೆಸೋದು, ರಾತ್ರಿ ಹನ್ನೊಂದರ ಮೇಲೆ ಹಾಕ್ತಾನೆ’ ಎಂಬ ಏರ್ಪಾಡು ಆ ಹುಡುಗನ ಲೈಸೆನ್ಸಿಗೇ ಕುತ್ತು ತರುತ್ತದೆ. ಯು ಕಟ್ ಕೊಡಿ, ಸರ್ಟಿಫಿಕೇಟ್ ಜೊತೆಗೆ.

ಹಂತ 7: ಯೂಟ್ಯೂಬ್

ಅತಿ ಹೆಚ್ಚು ಗೊಂದಲ ಇಲ್ಲೇ. ಯೂಟ್ಯೂಬ್‌ಗೆ ಹಾಕಲು ಸೆನ್ಸಾರ್ ಸರ್ಟಿಫಿಕೇಟ್ ಕೇಳುವುದಿಲ್ಲ. ಹಾಗಂತ ಏನು ಬೇಕಾದರೂ ಹಾಕಬಹುದು ಎಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ ಇದೆ, 67ನೇ ಕಲಂ ಪ್ರಕಾರ ಅಶ್ಲೀಲವಾದದ್ದನ್ನು ಪ್ರಕಟಿಸಿದರೆ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದರ ಮೇಲೆ ಯೂಟ್ಯೂಬ್‌ನ ಸ್ವಂತ ನಿಯಮಗಳಿವೆ. ಕಾಮಪ್ರಚೋದನೆಗೆಂದೇ ಇರುವ ದೃಶ್ಯವನ್ನು 18+ ಎಂದು ಗುರುತು ಮಾಡಿ ಹಾಕಿದರೂ ತೆಗೆದುಹಾಕುತ್ತಾರೆ. ವಯಸ್ಸಿನ ನಿರ್ಬಂಧ ಇರುವುದು ನಿಯಮದೊಳಗೇ ಇದ್ದು ಮಕ್ಕಳಿಗೆ ಸರಿಹೋಗದ ವೀಡಿಯೊಗಳಿಗೆ.

ನಿರ್ಬಂಧ ಹಾಕುವುದು ಹೀಗೆ: ಯೂಟ್ಯೂಬ್ ಸ್ಟುಡಿಯೊಗೆ ಹೋಗಿ. ವೀಡಿಯೊದ ವಿವರಗಳ ಪುಟ ತೆರೆಯಿರಿ. ‘ಪ್ರೇಕ್ಷಕರು’ ಎಂಬ ಭಾಗಕ್ಕೆ ಇಳಿಯಿರಿ. ಅಲ್ಲಿ ಮೊದಲು ‘ಇದು ಮಕ್ಕಳಿಗಾಗಿ ಮಾಡಿದ್ದೇ?’ ಎಂದು ಕೇಳುತ್ತದೆ. ಅಲ್ಲ ಎನ್ನಿ. ಅದರ ಕೆಳಗೆ ಮಡಚಿಕೊಂಡಿರುವ ‘ವಯಸ್ಸಿನ ನಿರ್ಬಂಧ’ ಎಂಬುದನ್ನು ಬಿಚ್ಚಿ. ‘ಹೌದು, 18 ಮೇಲ್ಪಟ್ಟವರಿಗೆ ಮಾತ್ರ’ ಎಂಬುದನ್ನು ಆರಿಸಿ, ಸೇವ್ ಮಾಡಿ.

ಇಲ್ಲಿ ಬಹಳ ಜನ ಮೊದಲ ಪ್ರಶ್ನೆಗೆ ‘ಮಕ್ಕಳಿಗಾಗಿ ಅಲ್ಲ’ ಎಂದು ಒತ್ತಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅದಕ್ಕೂ 18+ ನಿರ್ಬಂಧಕ್ಕೂ ಸಂಬಂಧವಿಲ್ಲ. ಅಡುಗೆ ವೀಡಿಯೊ ಕೂಡ ‘ಮಕ್ಕಳಿಗಾಗಿ ಮಾಡಿದ್ದಲ್ಲ’. ಎರಡನೆಯ ಗುರುತು ಹಾಕದಿದ್ದರೆ ನಿಮ್ಮ ಟ್ರೇಲರ್ ಎಲ್ಲರಿಗೂ ತೆರೆದೇ ಇರುತ್ತದೆ.

ನಿರ್ಬಂಧ ಹಾಕಿದರೆ ಏನಾಗುತ್ತದೆ? ಲಾಗಿನ್ ಆಗದವರಿಗೆ, 18 ತುಂಬದ ಖಾತೆಯವರಿಗೆ ಕಾಣುವುದಿಲ್ಲ. ಬೇರೆ ಸುದ್ದಿತಾಣದವರು ತಮ್ಮ ಪುಟದಲ್ಲಿ ಅಂಟಿಸಿಕೊಂಡರೆ ಅಲ್ಲಿ ಓಡುವುದಿಲ್ಲ, ಯೂಟ್ಯೂಬ್‌ಗೇ ಬರಬೇಕು. ಜಾಹೀರಾತಿನ ಆದಾಯ ಕುಸಿಯುತ್ತದೆ, ಕೆಲವು ಕಡೆ ವೀಡಿಯೊ ಕಾಣಿಸಿಕೊಳ್ಳುವುದೇ ಇಲ್ಲ. ಒಟ್ಟಿನಲ್ಲಿ ವೀಕ್ಷಣೆ ಕಮ್ಮಿ. ಈ ಕಾರಣಕ್ಕೇ ‘ನಿರ್ಬಂಧ ಹಾಕೋದೇ ಬೇಡ, ಹಂಗೇ ಬಿಡೋಣ’ ಎಂಬ ಆಸೆ ಹುಟ್ಟುವುದು. ಹಾಗೆ ಬಿಟ್ಟಾಗ ಯೂಟ್ಯೂಬ್‌ನವರೇ ಪತ್ತೆ ಮಾಡಿ ನಿರ್ಬಂಧ ಹಾಕಿದರೆ ಅದನ್ನು ನೀವಾಗಿ ತೆಗೆಯಲಾಗುವುದಿಲ್ಲ. ಮೇಲ್ಮನವಿ ಹಾಕಿ ಕಾಯಬೇಕು. ಬಿಡುಗಡೆಯ ವಾರದಲ್ಲಿ ನಿಮ್ಮ ಒಂದೇ ಒಂದು ಟ್ರೇಲರ್‌ಗೆ ಹೀಗಾದರೆ ಪ್ರಚಾರ ಅಲ್ಲಿಗೇ ನಿಂತಿತು. ಎರಡು ಕಟ್ ಮಾಡಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ. ಸಾಮಾನ್ಯ ಕಟ್ ನಿರ್ಬಂಧವಿಲ್ಲದೆ ಓಡಲಿ, ಅದರ ವಿವರದ ಕೊನೆಗೆ ‘18 ಮೇಲ್ಪಟ್ಟವರ ಟ್ರೇಲರ್ ಇಲ್ಲಿದೆ’ ಎಂದು ಇನ್ನೊಂದರ ಲಿಂಕ್ ಕೊಡಿ.

ಒಮ್ಮೆ ಹಾಕಿದ ವೀಡಿಯೊವನ್ನು ಅದೇ ಲಿಂಕ್‌ನಲ್ಲಿ ಬೇರೆ ಫೈಲ್‌ಗೆ ಬದಲಿಸಲು ಆಗುವುದಿಲ್ಲ. ಸ್ಟುಡಿಯೊದ ಎಡಿಟರ್‌ನಲ್ಲಿ ಒಂದು ತುಂಡು ಕತ್ತರಿಸಬಹುದು, ಮಸುಕು ಮಾಡಬಹುದು, ಅಷ್ಟೇ. ಹೊಸದಾಗಿ ಹಾಕಿದರೆ ವೀಕ್ಷಣೆ ಮತ್ತೆ ಸೊನ್ನೆಯಿಂದ. ಆದ್ದರಿಂದ ಮೊದಲು ‘ಖಾಸಗಿ’ ಎಂದು ಅಪ್‌ಲೋಡ್ ಮಾಡಿ, ತಂಡದವರೆಲ್ಲ ಪೂರ್ತಿ ನೋಡಿ, ಆಮೇಲೆ ಸಾರ್ವಜನಿಕ ಮಾಡಿ.

ಇನ್ನು ಥಂಬ್‌ನೇಲ್, ಅಂದರೆ ವೀಡಿಯೊದ ಮುಖಚಿತ್ರ. ಇದನ್ನು ಯಾವ ಏಜ್ ಗೇಟ್ ಕೂಡ ಪೂರ್ತಿ ತಡೆಯುವುದಿಲ್ಲ. ವೀಡಿಯೊಗೆ ನಿರ್ಬಂಧ ಹಾಕಿ, ಮುಖಚಿತ್ರಕ್ಕೆ ಅದೇ ಹಸಿಬಿಸಿ ಶಾಟ್ ಇಟ್ಟರೆ ಏನು ಬಂತು? ಲಿಂಕನ್ನು ವಾಟ್ಸಾಪ್‌ಗೆ ಹಾಕಿದ ತಕ್ಷಣ ಆ ಚಿತ್ರ ಮೇಲೆ ಮೂಡಿ ನಿಲ್ಲುತ್ತದೆ. ಒತ್ತಬೇಕೆಂದೇ ಇಲ್ಲ. ‘ನಮ್ಮ ಕುಟುಂಬ’ ಎಂಬ ಗ್ರೂಪಿನಲ್ಲಿ ಚಿಕ್ಕಮ್ಮ, ಮಾವ, ಒಂಬತ್ತನೇ ಕ್ಲಾಸಿನ ಹುಡುಗ ಎಲ್ಲರ ಮೊಬೈಲ್‌ನಲ್ಲೂ ಅದೇ. ದೊಡ್ಡವರ ಕಟ್‌ಗೆ ಮುಖಚಿತ್ರ ಸಪ್ಪೆಯಾಗಿರಲಿ: ಸಿನಿಮಾದ ಹೆಸರು, ‘18+’ ಎಂಬ ದೊಡ್ಡ ಅಕ್ಷರ, ನಾಯಕನ ಮುಖ. ಸಾಕು.

ಮತ್ತೊಂದು ಮಾತು. ನಮ್ಮ ಮನೆಗಳಲ್ಲಿ ಟಿವಿಗೆ ಅಪ್ಪನ ಖಾತೆ ಲಾಗಿನ್ ಆಗಿರುತ್ತದೆ, ಮಕ್ಕಳೂ ಅದರಲ್ಲೇ ನೋಡುತ್ತಾರೆ. ಏಜ್ ಗೇಟ್‌ಗೆ ಕಾಣುವುದು ಅಪ್ಪನ ವಯಸ್ಸು. ಬೆಣ್ಣೆ ದೋಸೆ ಹೋಟೆಲಿನ ಗೋಡೆ ಮೇಲಿನ ಟಿವಿಯೂ ಹೀಗೇ, ಒಂದು ಹಾಡು ಮುಗಿದರೆ ಮುಂದಿನದು ತಾನೇ ಓಡುತ್ತದೆ. ನೀವು ಚಿತ್ರತಂಡದವರಲ್ಲ, ಬರೀ ಪೋಷಕರು ಅಂತಾದರೆ ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ ‘ನಿರ್ಬಂಧಿತ ಮೋಡ್’ ಆನ್ ಮಾಡಿಡಿ. ದೊಡ್ಡವರಿಗೆ ಮೀಸಲಾದ ವೀಡಿಯೊಗಳನ್ನು ಬಹುಮಟ್ಟಿಗೆ ಮರೆಮಾಡುತ್ತದೆ. ಫೋನಿನಲ್ಲಿ ಆನ್ ಮಾಡಿದರೆ ಟಿವಿಗೂ ಆಯಿತು ಅಂದುಕೊಳ್ಳಬೇಡಿ, ಒಂದೊಂದು ಸಾಧನದಲ್ಲೂ ಬೇರೆ ಬೇರೆ ಮಾಡಬೇಕು.

ಹಂತ 8: ಬೀದಿ, ಜಾತ್ರೆ, ಕಾಲೇಜು

ಎಲ್‌ಇಡಿ ಗಾಡಿ ಕಟ್ಟಿಸಿ ಊರೆಲ್ಲ ಸುತ್ತಿಸುವುದು ಈಗ ಮಾಮೂಲು. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರು ಅಂದರೆ ಎಲ್ಲೆಡೆಯಿಂದ ಜನ ಬರುತ್ತಾರೆ, ಪ್ರಚಾರಕ್ಕೆ ಒಳ್ಳೆ ಜಾಗ. ಅಲ್ಲಿ ಯು ಕಟ್ ಬಿಟ್ಟು ಬೇರೇನೂ ಹಾಕಬೇಡಿ. ಸಾರ್ವಜನಿಕ ಪ್ರದರ್ಶನ ಅಂದರೆ ಥಿಯೇಟರ್ ಗೋಡೆಯೊಳಗೆ ಮಾತ್ರ ಎಂಬ ಭ್ರಮೆ ಬೇಡ. ಪೊಲೀಸ್, ಪಾಲಿಕೆ ಅಥವಾ ನಗರಸಭೆಯ ಅನುಮತಿ ಕೇಳಲು ಹೋಗುವಾಗ ಟ್ರೇಲರ್‌ನ ಸರ್ಟಿಫಿಕೇಟ್ ಪ್ರತಿಯೂ ಕೈಯಲ್ಲಿರಲಿ.

ಕಾಲೇಜು ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ‘ಕಾಲೇಜು ಹುಡುಗರಲ್ವಾ, ದೊಡ್ಡವರೇ’ ಅನ್ನುತ್ತಾರೆ. ಪಿಯುಸಿ ಹುಡುಗ ಹುಡುಗಿಯರಿಗೆ 16, 17 ವರ್ಷ. ಕಾನೂನಿನ ಲೆಕ್ಕದಲ್ಲಿ ಮಕ್ಕಳು. ಡಿಗ್ರಿ, ಎಂಜಿನಿಯರಿಂಗ್ ಮೊದಲ ವರ್ಷದಲ್ಲೂ 18 ತುಂಬದವರು ಇರುತ್ತಾರೆ. ದಾವಣಗೆರೆಯಲ್ಲಿ ಒಂದೇ ಕಾಂಪೌಂಡಿನಲ್ಲಿ ಪಿಯು, ಡಿಗ್ರಿ ಎರಡೂ ಇರುವ ಕಾಲೇಜುಗಳಿವೆ. ಕಾರ್ಯಕ್ರಮ ಡಿಗ್ರಿಯವರದ್ದಾದರೂ ಹಿಂದಿನ ಸಾಲಿನಲ್ಲಿ ಪಿಯು ಹುಡುಗರು ನಿಂತು ಶಿಳ್ಳೆ ಹೊಡೆಯುತ್ತಿರುತ್ತಾರೆ. ಅಲ್ಲೂ ಯು ಕಟ್ಟೇ ಹಾಕಿ. ನಾಯಕ ನಟ ವೇದಿಕೆ ಮೇಲೆ ಬಂದು ನಾಲ್ಕು ಮಾತಾಡಿದರೆ ಅದಕ್ಕಿಂತ ಹೆಚ್ಚು ಪ್ರಚಾರ.

ವಾಟ್ಸಾಪ್‌ಗೆ ವೀಡಿಯೊ ಫೈಲನ್ನೇ ಕಳಿಸುವ ಅಭ್ಯಾಸ ಬಿಡಿ. ಫೈಲ್ ಒಮ್ಮೆ ಹೊರಟರೆ ಅದಕ್ಕೆ ಗೇಟೂ ಇಲ್ಲ, ಕೀಪರ್ರೂ ಇಲ್ಲ. ಯಾವಾಗಲೂ ಲಿಂಕ್ ಕಳಿಸಿ. ತಂಡದ ಹುಡುಗರಿಗೂ ಇದನ್ನು ಮೊದಲೇ ಹೇಳಿ, ಸೋರಿಕೆ ಆಗುವುದು ಸಾಮಾನ್ಯವಾಗಿ ಒಳಗಿನಿಂದಲೇ.

ಹಂತ 9: ಪೋಸ್ಟರ್

ಸಿನಿಮಾಗೆ ಎ ಸರ್ಟಿಫಿಕೇಟ್ ಬಂದ ಮೇಲೆ ಎಲ್ಲ ಜಾಹೀರಾತಿನಲ್ಲೂ ಆ ವರ್ಗ ಕಾಣಬೇಕು. ಪೇಪರ್, ಪೋಸ್ಟರ್, ಫ್ಲೆಕ್ಸ್, ಹ್ಯಾಂಡ್‌ಬಿಲ್ ಎಲ್ಲದರಲ್ಲೂ. ಪಿ.ಬಿ. ರಸ್ತೆಯ ಗೋಡೆಗೆ ಅಂಟಿಸಿದ ಪೋಸ್ಟರ್‌ನಲ್ಲಿ ಕಾಳಿನಷ್ಟು ಚಿಕ್ಕ ಎ ಹಾಕಿ ಮೂಲೆಗೆ ತಳ್ಳಬೇಡಿ. ಕುಟುಂಬ ಸಮೇತ ಟಿಕೆಟ್ ತೆಗೆದುಕೊಂಡು ಗೇಟಿನಲ್ಲಿ ವಾಪಸ್ ಹೋಗಬೇಕಾದವರು ನಿಮ್ಮ ಸಿನಿಮಾಗೆ ಬಾಯ್ತುಂಬ ಬೈದೇ ಹೋಗುತ್ತಾರೆ.

ದೂರು ಬಂದರೆ

ಯಾರಾದರೂ ಯೂಟ್ಯೂಬ್‌ನಲ್ಲಿ ರಿಪೋರ್ಟ್ ಮಾಡಿದರೆ ಅಥವಾ ಠಾಣೆಗೆ ಅರ್ಜಿ ಕೊಟ್ಟರೆ ಮೊದಲ ಕೆಲಸ, ಆ ವೀಡಿಯೊವನ್ನು ಅಳಿಸುವ ಬದಲು ‘ಖಾಸಗಿ’ ಮಾಡುವುದು. ಅಳಿಸಿದರೆ ಏನು ಹಾಕಿದ್ದಿರಿ, ನಿರ್ಬಂಧ ಯಾವಾಗಿನಿಂದ ಇತ್ತು ಎಂದು ತೋರಿಸಲು ನಿಮ್ಮ ಹತ್ತಿರ ಏನೂ ಉಳಿಯುವುದಿಲ್ಲ. ಟ್ರೇಲರ್ ಬಿಡುವ ದಿನವೇ ಸ್ಟುಡಿಯೊದ ಆ ‘18 ಮೇಲ್ಪಟ್ಟವರಿಗೆ ಮಾತ್ರ’ ಎಂಬ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಅದರ ಜೊತೆಗೆ ಎರಡೂ ಕಟ್‌ಗಳ ಮೂಲ ಫೈಲ್, ಸರ್ಟಿಫಿಕೇಟ್‌ಗಳು, ಕಲಾವಿದರ ಒಪ್ಪಿಗೆ ಪತ್ರ, ಥಿಯೇಟರ್‌ಗೆ ಕಳಿಸಿದ ಇ-ಮೇಲ್ ಎಲ್ಲ ಒಂದೇ ಫೋಲ್ಡರ್‌ನಲ್ಲಿರಲಿ. ಎಡಿಟರ್‌ನ ಹಾರ್ಡ್‌ಡಿಸ್ಕ್‌ನಲ್ಲಿ ಒಂದು, ನಿರ್ಮಾಪಕರ ಹತ್ತಿರ ಒಂದು ಪ್ರತಿ. ಎಡಿಟರ್ ಮುಂದಿನ ಸಿನಿಮಾಗೆ ಹೋದ ಮೇಲೆ ಫೋನ್ ಎತ್ತುತ್ತಾನೋ ಇಲ್ಲವೋ, ಹೇಳಲಾಗದು.